ಬಿಟ್ಟುಹೋದ x

ಮಾರ್ಚ್ 3, ಬೆಳಗ್ಗೆ 7

ಅಕ್ಕನ ಇವತ್ತಿನ ಲೆಕ್ಕ ಬರೆದಿಟ್ಟೆ. ಅವಳದೇ ಪುಸ್ತಕ, ಇಂಟಿಗ್ರೇಷನ್ ಪಾಠ. ತಲೆಯ ಆಪರೇಷನ್ ಆದಮೇಲೆ ಡಾಕ್ಟರ್ ಹೇಳಿದ್ದು ಇಷ್ಟೇ — ಹಳೆಯ ಕೆಲಸ ದಿನಾ ಒಂದಿಷ್ಟು ಮಾಡಿಸಿ. ಕಾಲೇಜಿನಲ್ಲಿ ಇದನ್ನೇ ಕಲಿಸುತ್ತಿದ್ದವಳು, ಕಾಫಿ ಆರುವುದರೊಳಗೆ ಮುಗಿಸುತ್ತಾಳೆ. ಮಾತು ಮಾತ್ರ ನಡುನಡುವೆ ಸಿಕ್ಕಿಕೊಳ್ಳುತ್ತದೆ. ಮತ್ತೆ ಕೆಲಸಕ್ಕೆ ಬರುತ್ತಾಳೋ ಇಲ್ಲವೋ, ಈ ತಿಂಗಳೇ ತಿಳಿಸಬೇಕಂತೆ. ಪ್ರಿನ್ಸಿಪಾಲರ ಫೋನ್ ಬಂದಿತ್ತು.

ಲೆಕ್ಕ ಬರೆಯುವಾಗಲೇ ಆಫೀಸಿನಿಂದ ಕರೆ. ಮೇನ್ ಪೈಪ್ ಒಡೆದಿದೆ. ನೀರು ಸರಬರಾಜಿನ ಇಂಜಿನಿಯರನಿಗೆ ಕಾಫಿಯೂ ನಿಂತುಕೊಂಡೇ.

ಮಾರ್ಚ್ 4

ನಿನ್ನೆಯ ಹಾಳೆ ಇನ್ನೂ ಮೇಜಿನ ಮೇಲಿದೆ. ಸಬ್‌ಸ್ಟಿಟ್ಯೂಷನ್ ಮಾಡಿ ಹೊಡೆದುಹಾಕಿದ್ದಾಳೆ. ಬೈ ಪಾರ್ಟ್ಸ್ ವಿಧಾನ — ಅದನ್ನೂ ಹೊಡೆದುಹಾಕಿದ್ದಾಳೆ. ಹೀಗಾದದ್ದು ಇದೇ ಮೊದಲು.

ಮಾರ್ಚ್ 5, ಸಂಜೆ

ಊಟ ಬೇಡವಂತೆ. ಕಸದ ಬುಟ್ಟಿ ತುಂಬ ಹಾಳೆ.

"ಬಿಡಕ್ಕ. ಬೇರೆ ಲೆಕ್ಕ ಕೊಡ್ತೀನಿ."

"ಫಸ್ಟ್ ಇಯರ್ ಹುಡುಗ್ರು ಮಾಡೋ ಲೆಕ್ಕ ಕಣೋ. ಇದನ್ನ ಬಿಟ್ಟು ಯಾವ ಮುಖ ಇಟ್ಕೊಂಡು ಕ್ಲಾಸಿಗೆ ಹೋಗ್ಲಿ?"

ಸುಧಾರಿಸುತ್ತಿದ್ದವರೂ ಕೆಲವರು ಮತ್ತೆ ಹಿಂದೆ ಬೀಳುತ್ತಾರೆ ಎಂದು ಡಾಕ್ಟರ್ ಹೇಳಿದ್ದರು. ಇದೇ ಇರಬೇಕು.

ಮಾರ್ಚ್ 9

ಬೆಳಗ್ಗೆ ಅಕ್ಕ ತಾನೇ ಪ್ರಿನ್ಸಿಪಾಲರಿಗೆ ಫೋನ್ ಮಾಡಿದಳು. ಇನ್ನು ಬರುವುದಿಲ್ಲ ಎಂದಳು. ಆಮೇಲೆ ಬಟ್ಟೆ ಮಡಿಸುತ್ತ ಕೂತಳು.

ಅದೇ ದಿನ, ಸಂಜೆ

ಪುಸ್ತಕ ಕಪಾಟಿಗೆ ಸೇರಿಸಲು ಹೋದೆ. ಗುರುತಿಗಿಟ್ಟ ಚೀಟಿ ಅದೇ ಪುಟದಲ್ಲಿತ್ತು. ಪುಸ್ತಕದಲ್ಲಿ ಇರುವುದು ∫ x e^(x²) dx. ನಾನು ಬರೆದುಕೊಟ್ಟದ್ದು ∫ e^(x²) dx. ಮೊದಲ x ಬಿಟ್ಟಿದ್ದೇನೆ. ಇಷ್ಟು ದಿನ ಹಾಳೆ ನೋಡಿದೆ, ಲೆಕ್ಕ ನೋಡಲಿಲ್ಲ.

ಆ x ಇದ್ದರೆ ಎರಡು ಸಾಲಿನ ಕೆಲಸ. ಇಲ್ಲದಿದ್ದರೆ ಯಾರಿಂದಲೂ ಆಗದು. ಕಷ್ಟ ಅಂತಲ್ಲ — ಸೈನ್, ಲಾಗ್, ಘಾತ, ಮೂಲ, ಇವನ್ನೆಲ್ಲ ಹೇಗೆ ಜೋಡಿಸಿದರೂ ಉತ್ತರ ಬರೆಯಲಾಗದು ಎಂದು ಸಾಬೀತಾಗಿದೆ. ಹಿಂದೆ ನನಗಿದನ್ನು ಹೇಳಿಕೊಟ್ಟವಳೂ ಅಕ್ಕನೇ.

ಹೋಗಿ ಹೇಳಿದೆ. ನಾಚಿಕೆಯಾಯಿತು.

"ಮೊದಲ್ನೇ ದಿನವೇ ಅನ್ನಿಸ್ತು, ಇದು ಆಗೋದಲ್ಲ ಅಂತ," ಎಂದಳು.

"ಮತ್ತೆ ಹೇಳೋದಲ್ವಾ?"

"ಪುಸ್ತಕ ತಪ್ಪಿರಲ್ಲ. ನೀನು ಇಂಜಿನಿಯರ್, ಅಳತೆ ಮನುಷ್ಯ, ನೀನೂ ತಪ್ಪಲ್ಲ. ಉಳಿದಿದ್ದು... ನನ್ನ ತಲೆ ತಾನೇ?"

ಮಾರ್ಚ್ 10

ಈ ಸಲ ಪ್ರಿನ್ಸಿಪಾಲರಿಗೆ ನಾನೇ ಫೋನ್ ಮಾಡಿ ನಡೆದದ್ದು ಹೇಳಿದೆ. ಒಂದು ಕ್ಲಾಸ್ ತೆಗೆದುಕೊಳ್ಳಲಿ, ಕೂತು ನೋಡುತ್ತೇನೆ, ಆಮೇಲೆ ಹೇಳುತ್ತೇನೆ ಎಂದರು. ನನಗೂ ಅಕ್ಕನ ಅಪ್ಪಣೆಯಾಗಿದೆ: "x ನುಂಗಿದೋನು ಹಿಂದಿನ ಬೆಂಚಲ್ಲಿ ಇರ್ಬೇಕು."

ಮಾರ್ಚ್ 12

ರಜೆ ಹಾಕಿ ಹೋದೆ. ಅಕ್ಕ ಬೋರ್ಡ್ ಮೇಲೆ ಅದೇ ಲೆಕ್ಕ ಬರೆದಳು. x ಇಲ್ಲದ್ದು. ಮಾಡಿ ಎಂದಳು.

ಹುಡುಗರು ಮಾಡಿದರು, ಹೊಡೆದುಹಾಕಿದರು, ಮತ್ತೆ ಮಾಡಿದರು. ಅಕ್ಕ ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತಿದ್ದಳು. ಬಹಳ ಹೊತ್ತು. ಮಾತು ಸಿಕ್ಕಿಕೊಂಡಿದೆ ಅಂದುಕೊಂಡೆ. ಪ್ರಿನ್ಸಿಪಾಲರು ಗಡಿಯಾರ ನೋಡಿದರು. ನನಗೆ ಭಯವಾಯಿತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಅಳುವ ಹಾಗಾಗಿದ್ದಳು.

"ಪೆನ್ ಕೆಳಗಿಡಿ," ಎಂದಳು ಅಕ್ಕ. "ಇದು ಆಗಲ್ಲ. ಯಾರಿಗೂ ಆಗಲ್ಲ. ನಿಮ್ಮ ತಲೆ ಸರಿಯಾಗೇ ಇದೆ."

"ಹಾಗಾದ್ರೆ ಉತ್ತರಾನೇ ಇಲ್ವಾ ಮೇಡಂ?" ಆ ಹುಡುಗಿ.

"ಇದೆ. ಗ್ರಾಫ್ ಹಾಕಿದ್ರೆ ಗೆರೆ ಕೆಳಗೆ ಜಾಗ ಇದ್ದೇ ಇದೆಯಲ್ಲ, ಅದೇ ಉತ್ತರ. ನಮ್ಮ ಹತ್ರ ಇರೋ... ಇರೋ ಫಂಕ್ಷನ್‌ಗಳಲ್ಲಿ ಬರೆಯೋಕೆ ಬರಲ್ಲ, ಅಷ್ಟೇ."

ಸಿಕ್ಕಿಕೊಂಡ ಮಾತಿಗೆ ಯಾರೂ ತಿರುಗಿ ನೋಡಲಿಲ್ಲ. ಎಲ್ಲರೂ ಬರೆದುಕೊಳ್ಳುತ್ತಿದ್ದರು. ಪ್ರಿನ್ಸಿಪಾಲರೂ.

ಮಾರ್ಚ್ 16, ಬೆಳಗ್ಗೆ 7

ಅಕ್ಕ ಕಾಲೇಜಿಗೆ ಹೊರಟಾಯಿತು. ನನ್ನ ಕಾಫಿಯ ಪಕ್ಕ ಹಾಳೆ, ಅದೇ ಲೆಕ್ಕ. ಅವಳ ಅಕ್ಷರ: ಸಂಜೆಯೊಳಗೆ ಮಾಡಿಡು.

ಮೊದಲು ಆ x ಇದೆಯೋ ಇಲ್ಲವೋ ನೋಡಿದೆ. ಇದೆ. x ವರ್ಗವನ್ನು u ಎಂದಿಟ್ಟರೆ —