ಎಂಟು ಬಾಯಿ ಎಲೆಯಡಿಕೆಯ ದಾರಿ

ಹೆಗ್ಗದ್ದೆ
11-2-2003, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ಕ್ಷೇಮ ಸಮಾಚಾರ ಆಮೇಲೆ ಕೇಳುತ್ತೇನೆ. ಮೊದಲು ಒಂದು ಮಾತು ಹೇಳಿಬಿಡಬೇಕು. ಘಟ್ಟದ ದಾರಿಯ ಐದನೇ ತುಂಡನ್ನು ನಾನು ನಡೆದಿಲ್ಲ. ನಿನ್ನ ಶಾಲೆಯ ಗೋಡೆಯ ಮೇಲಿರುವ ನಕ್ಷೆಯಲ್ಲಿ ಹೆಗ್ಗದ್ದೆಯಿಂದ ಕೆಳಗಿನ ರಸ್ತೆಯವರೆಗೆ ಇರುವ ಗೆರೆ ಬರೀ ಕೇಳಿ ಎಳೆದದ್ದು. ಹತ್ತು ತಿಂಗಳಿಂದ ಮುಚ್ಚಿಟ್ಟಿದ್ದೆ.

ಇಪ್ಪತ್ಮೂರನೇ ತಾರೀಕು ಏಳನೇ ಕ್ಲಾಸಿನ ಮಕ್ಕಳನ್ನು ಅಲ್ಲಿ ಇಳಿಸುತ್ತೇನೆ ಎಂದು ಬರೆದಿದ್ದೀಯಲ್ಲ, ಈ ಕಾಗದ ಸಿಕ್ಕಿದ ಕೂಡಲೇ ಅದನ್ನು ನಿಲ್ಲಿಸು. ಶಾಲೆಗೆ ಫೋನ್ ಮಾಡಬಹುದಿತ್ತು. ಎತ್ತುವುದು ಹೆಡ್ಮಾಸ್ಟರು. ಅವರಿಗೆ ಇದನ್ನೆಲ್ಲ ಹೇಳುವ ಧೈರ್ಯ ನನಗಿಲ್ಲ.

ಹೋದ ವರ್ಷ ಕೊಯ್ಲು ಮುಗಿದ ಮೇಲೆ ನಾನೂ ಕಾಫಿ ಕಣದಲ್ಲಿ ನನ್ನ ಜೊತೆ ದುಡಿಯುವ ಭೂತಮ್ಮಜ್ಜಿಯೂ ಭಾನುವಾರಕ್ಕೊಂದು ತುಂಡಿನಂತೆ ನಡೆಯುತ್ತಿದ್ದದ್ದು ನಿನಗೆ ಗೊತ್ತು. ಶುರುವಾದದ್ದೇ ನಿನ್ನ ಕೆ. ಹೊಸಕೋಟೆಯಿಂದ. ಅಜ್ಜಿ ವಯಸ್ಸಿನಲ್ಲಿದ್ದಾಗ ಅಲ್ಲಿಂದ ಘಟ್ಟದ ಕೆಳಕ್ಕೆ ಕಿತ್ತಳೆ ಹೊತ್ತು, ಮೇಲಕ್ಕೆ ಒಣಮೀನು ಹೊತ್ತು ತಿರುಗಿದವಳು. ನಿಲ್ಲಿಸಿದ ಜಾಗದಲ್ಲಿ ಮೂರು ಕಲ್ಲು ಪೇರಿಸುತ್ತಿದ್ದೆವು. ಮುಂದಿನ ಭಾನುವಾರ ಬಸ್ಸಿನಲ್ಲಿ ಹೋಗಿ ಅದೇ ಕಲ್ಲಿನಿಂದ ಮತ್ತೆ ನಡಿಗೆ.

ಅಜ್ಜಿಗೆ ಮೈಲಿ, ಕಿಲೋಮೀಟರು ಗೊತ್ತಿಲ್ಲ. ದಾರಿಯನ್ನು ಎಲೆಯಡಿಕೆಯಲ್ಲಿ ಅಳೆಯುತ್ತಾಳೆ. ಒಮ್ಮೆ ಎಲೆ ಹಾಕಿಕೊಂಡಲ್ಲಿಂದ ಮತ್ತೆ ಹಾಕಿಕೊಳ್ಳುವವರೆಗೆ ಒಂದು ಬಾಯಿ, ಆಮೇಲೆ ಎರಡು ಬಾಯಿ. ನನ್ನ ಗಡಿಯಾರದಲ್ಲಿ ಅವಳ ಒಂದು ಬಾಯಿ ಸರಿಯಾಗಿ ಅರ್ಧ ಗಂಟೆ. ನಾಲ್ಕು ತುಂಡಿನಲ್ಲೂ ಈ ಲೆಕ್ಕ ತಪ್ಪಲಿಲ್ಲ. ಐದನೆಯದಕ್ಕೆ ಹೊರಟ ದಿನ ಊರು ದಾಟಿ ಇಳಿಜಾರು ಶುರುವಾಗುವ ಬಂಡೆಯ ತನಕ ಹೋಗುವಷ್ಟರಲ್ಲಿ ಅಜ್ಜಿಯ ಮಂಡಿ ಹಿಡಿದುಕೊಂಡಿತು. ಅಲ್ಲೇ ಮೂರು ಕಲ್ಲು ಪೇರಿಸಿ ವಾಪಸ್ ಬಂದೆವು. ಮುಂದಿನ ತಿರುವು, ಹಳ್ಳ ಎಲ್ಲವನ್ನೂ ಅವಳು ಬಾಯಲ್ಲೇ ಹೇಳಿದಳು. ಎಂಟು ಬಾಯಿ ದಾರಿ ಅಂದಳು. ನಾನು ನಾಲ್ಕು ಗಂಟೆ ಎಂದು ಬರೆದೆ.

ಎಸ್ಸೆಸ್ಸೆಲ್ಸಿ ಅರ್ಧಕ್ಕೆ ಬಿಟ್ಟಾಗ ಅಪ್ಪನ ಎದುರಿಗೇ ನಿಂತು, ನನಗೆ ಒಂದು ಕಡೆ ಕೂರಲು ಆಗುವುದಿಲ್ಲ ಎಂದಿದ್ದೆ. ಏಟು ತಿಂದೆ, ಸುಳ್ಳು ಹೇಳಲಿಲ್ಲ. ಆದರೆ ನೀನು ನಾಲ್ಕು ತುಂಡಿನ ನಕ್ಷೆ ನೋಡಿ, ನಮ್ಮ ನಯನಾ ಒಂದು ಕೆಲಸವನ್ನಾದರೂ ಮುಗಿಸುತ್ತಾಳೆ ಅಂದೆಯಲ್ಲ, ಆಮೇಲೆ ಅದು ಮುಗಿದಿಲ್ಲ ಎನ್ನಲು ನನ್ನಿಂದ ಆಗಲಿಲ್ಲ.

ನಿನ್ನೆ ಕಣದಲ್ಲಿ ಕಾಫಿ ಹರವುತ್ತಾ ನಿನ್ನ ಮಕ್ಕಳ ಸುದ್ದಿ ತೆಗೆದೆ. ಹತ್ತಕ್ಕೆ ಹೊರಟರೆ ಎರಡಕ್ಕೆಲ್ಲ ಕೆಳಗಿರುತ್ತಾರೆ ಅಂದೆ. ಅಜ್ಜಿ ಎಲೆ ಕುಟ್ಟುವುದನ್ನು ನಿಲ್ಲಿಸಿದಳು.

"ಏನು, ಹಾರ್ಕಂಡ್ ಹೋಯ್ತಾರಾ?"

"ನೀನೇ ಎಂಟು ಬಾಯಿ ಅಂದಿದ್ದೆಯಲ್ಲಜ್ಜಿ" ಅಂದೆ.

"ಅದು ಹೊರೆ ಹೊತ್ತಾಗಿನ ಬಾಯಿ ಕಣವ್ವ. ತಲೆ ಮ್ಯಾಲೆ ಮೂಟೆ ಮಡಿಕ್ಕಂಡು ಎಲೆಗೆ ಸುಣ್ಣ ಸವರಕ್ಕಾಯ್ತದಾ? ಹೊರೆ ಇಳಿಸೋ ಕಟ್ಟೆ ಬಂದ್ಮೇಲೇ ಇನ್ನೊಂದು ಬಾಯಿ. ಬೆಳಕು ಹರಿಯಾಗ ಹೊಂಟ್ರೆ ಕೆಳಗೆ ಮುಟ್ಟೋದು ದೀಪ ಹಚ್ಚೋ ಹೊತ್ಗೆ. ಈಗ ಬರಿಗೈಲಿ ನಡೀತೀನಿ, ಬೇಕಂದಾಗ ಸಂಚಿ ಬಿಚ್ತೀನಿ. ಎಲ್ಡೂ ಒಂದೇ ಅಂದ್ಕಂಡಾ? ಓದ್ದೋಳು ನೀನು."

ಕೊನೆಯ ಮಾತಿಗೆ ಕಣದಲ್ಲಿದ್ದ ಹೆಂಗಸರೆಲ್ಲ ನಕ್ಕರು. ನಾನು ಹರವುವುದನ್ನು ಬಿಟ್ಟು ಲೆಕ್ಕ ಹಾಕಿದೆ. ಮಕ್ಕಳು ಇನ್ನೂ ಕಾಡುದಾರಿಯಲ್ಲಿರುವಾಗಲೇ ಕತ್ತಲಾಗುತ್ತಿತ್ತು. ಆ ಕಾಡಿನಲ್ಲಿ ಆನೆಗಳು ಓಡಾಡುತ್ತವೆ. ನೀನು ನನ್ನ ನಕ್ಷೆ ಹಿಡಿದು, ಇನ್ನೇನು ರಸ್ತೆ ಬಂತು ಎಂದು ಅವರಿಗೆ ಸಮಾಧಾನ ಹೇಳುತ್ತಿದ್ದೆ.

ನಕ್ಷೆಯನ್ನು ಗೋಡೆಯಿಂದ ತೆಗೆದುಬಿಡು. ಯಾಕೆ ಎಂದು ಮಕ್ಕಳು ಕೇಳಿದರೆ ಇದ್ದದ್ದು ಇದ್ದಹಾಗೆ ಹೇಳು. ನನ್ನ ಮರ್ಯಾದೆ ಉಳಿಸುವುದು ಬೇಡ. ಆ ತುಂಡನ್ನು ನಡೆದು, ಗಡಿಯಾರ ನೋಡಿ, ಸರಿಯಾದದ್ದನ್ನು ಬರೆದು ಕಳಿಸುತ್ತೇನೆ. ದಾರಿ ಮುಚ್ಚಿಹೋಗಿದ್ದರೆ ಮುಚ್ಚಿಹೋಗಿದೆ ಎಂದೇ ಬರೆಯುತ್ತೇನೆ.

ತುಂಬ ದಣಿದಿದ್ದೇನೆ ಅಕ್ಕ. ಕಣದ ಕೆಲಸಕ್ಕಲ್ಲ, ಅದು ದಿನಾ ಇದ್ದದ್ದೇ. ನಿನ್ನ ಕಾಗದ ಬಂದಾಗಲೆಲ್ಲ ಒಡೆಯುವ ಮೊದಲು ಹೆದರಿ ಹೆದರಿ ಸಾಕಾಗಿದೆ. ನಿನ್ನ ಕೆಮ್ಮು ಹೇಗಿದೆ? ಭಾವ ಊರಲ್ಲಿದ್ದಾರಾ? ಬೈದಾದರೂ ಎರಡು ಸಾಲು ಬರೆ.

ನಿನ್ನ ತಂಗಿ,
ನಯನಾ

ಮರೆತದ್ದು: ಮರೆತದ್ದಲ್ಲ, ಬರೆಯಬಾರದೆಂದು ಬಿಟ್ಟದ್ದು. ಕಾಗದ ಅಂಟಿಸುವ ಮೊದಲು ಮತ್ತೆ ಓದಿದೆ. ಮಂಡಿಯ ಮಾತು ಸುಳ್ಳು. ಅಜ್ಜಿ ಆಗಲೇ ಬಂಡೆ ಇಳಿದು ಕೆಳಗಿನ ತಿರುವಿನಲ್ಲಿ ನಿಂತು ಕೂಗುತ್ತಿದ್ದಳು. ಇಳಿಜಾರು ನೋಡಿ ಹೆದರಿ ಕೂತವಳು ನಾನು. ಅವಳೇ ಹತ್ತಿ ಬಂದು ನನ್ನ ಪಕ್ಕ ಕೂತಳು. "ನಿಮ್ಮಕ್ಕ ಕೇಳಿದ್ರೆ ನನ್ ಮಂಡಿ ಅನ್ನು" ಅಂದಳು. ಅವಳ ಮಂಡಿಗೆ ಏನೂ ಆಗಿಲ್ಲ. ನಾಳೆ ಬೆಳಿಗ್ಗೆ ಆರಕ್ಕೆ ನಾವಿಬ್ಬರೂ ಆ ಮೂರು ಕಲ್ಲಿನಿಂದ ಹೊರಡುತ್ತೇವೆ.