ಖಾಲಿ ಬಿಡಬಾರದ ಕಾಲಂ

ಫೆಬ್ರವರಿ 3, ಸೋಮವಾರ

ಬೆಳಗ್ಗೆ ಹನ್ನೊಂದು ಪಾಸ್‌ಪೋರ್ಟ್ ಫೋಟೋ. ಆಮೇಲೆ ಒಂದು ಮದುವೆ ಆಲ್ಬಮ್ಮಿನ ಕರೆಕ್ಷನ್. ಹುಡುಗಿಯ ಚಿಕ್ಕಪ್ಪನನ್ನು ಎಲ್ಲ ಫೋಟೋದಿಂದಲೂ ತೆಗೆಯಬೇಕಂತೆ, ಜಗಳ ಆಗಿದೆಯಂತೆ. ತೆಗೆದೆ. ಅವನ ಜಾಗದಲ್ಲಿ ಹೂವಿನ ಕುಂಡ ಇಟ್ಟೆ.

ಮಧ್ಯಾಹ್ನ ಮತ್ತೆ ಫೆಸ್ಟಿವಲ್ ಫಾರಂ. ಒಂಬತ್ತನೆಯದು. ಹದಿಮೂರು ನಿಮಿಷದ ಫಿಲ್ಮು, ಫಾರಂ ತುಂಬಲು ಮೂರು ಗಂಟೆ! ಐವತ್ತು ಪದದಲ್ಲಿ ಕಥೆ ಹೇಳಿ. ಅದೇ ಕಥೆಯನ್ನು ಇನ್ನೂರು ಪದದಲ್ಲಿ ಹೇಳಿ. ನಿರ್ದೇಶಕರ ಮಾತು ಬರೆಯಿರಿ... ನಿರ್ದೇಶಕರು ಅಂದರೆ ನಾನು. ನಿನ್ನೆ ಮದುವೆ ಛತ್ರದಲ್ಲಿ 'ಏ ವಿಡಿಯೋ, ಪಕ್ಕಕ್ಕೆ ಸರಿ' ಎಂದು ಗದರಿಸಿಕೊಂಡವನು.

ಎಂಟು ಕಡೆಯಿಂದ 'ವಿಷಾದಿಸುತ್ತೇವೆ' ಬಂದಾಗಿದೆ. ಒಂಬತ್ತನೆಯವರೂ ವಿಷಾದಿಸಲಿ.

ಫೆಬ್ರವರಿ 5, ಬುಧವಾರ

ಫೋಟೋಗ್ರಾಫರ್ ಸಂಘದ ಗ್ರೂಪಿನಲ್ಲಿ ಯಾರೋ ಒಂದು ನಂಬರ್ ಹಾಕಿದ್ದರು. ಫೆಸ್ಟಿವಲ್‌ಗೆ ಕಳಿಸುವ ಕೆಲಸವನ್ನೆಲ್ಲ ಅವರೇ ಮಾಡಿಕೊಡುತ್ತಾರಂತೆ. ಫೋನ್ ಮಾಡಿದೆ. ಒಬ್ಬ ಮೇಡಂ. ಚುರುಕು.

ಹಳೆಯ ಫಾರಂಗಳನ್ನು ಕಳಿಸಿದೆ. ಹತ್ತೇ ನಿಮಿಷಕ್ಕೆ ವಾಪಸ್ ಫೋನ್ ಮಾಡಿದರು. "ಸರ್, ನಿಮ್ಮ ಫಿಲ್ಮ್ ಚೆನ್ನಾಗಿಲ್ಲ ಅಂತಲ್ಲ. ಫಾರಂ ಚೆನ್ನಾಗಿಲ್ಲ. ಅರ್ಧಕ್ಕರ್ಧ ಕಾಲಂ ಖಾಲಿ ಬಿಟ್ಟಿದೀರ. ಖಾಲಿ ಬಿಟ್ರೆ ಇವನಿಗೇ ಆಸಕ್ತಿ ಇಲ್ಲ ಅನ್ಕೋತಾರೆ."

ಮಾತು ಮನಸ್ಸಿಗೆ ನಾಟಿತು. ಊಟದ ಹೊತ್ತಿಗೆ ಹೆಂಡತಿಗೆ ಹೇಳಿದೆ. ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ.

"ನಿಮ್ಮಕ್ಕನ ವಿಷಯ. ಮೂರನೆಯವರ ಕೈಗೆ ಯಾಕ್ರೀ ಕೊಡ್ತೀರ?"

"ಫಿಲ್ಮ್ ಮಾತ್ರ ಕೊಡೋದು ಕಣೇ. ವಿಷಯ ಅಲ್ಲ."

"ಎರಡೂ ಒಂದೇ ಅಲ್ವಾ?"

ಒಂದೇ. ನನಗೆ ಗೊತ್ತು. ಫಿಲ್ಮಿನಲ್ಲಿ ಇರುವುದು ಅಕ್ಕನ ಕೈಗಳು ಮತ್ತು ಧ್ವನಿ. ಆಸ್ಪತ್ರೆಯ ಲಾಂಡ್ರಿಯಲ್ಲಿ ಬಿಳಿ ಚಾದರ ಮಡಚುತ್ತಾಳೆ, ಮಡಚುತ್ತಲೇ ಹೇಳುತ್ತಾಳೆ — ಗಂಡ ಮೊದಲ ಸಲ ಹೊಡೆದದ್ದು, ಪೊಲೀಸರಿಗೆ ಹೇಳಿದರೆ ಅವರೇ ಜೀಪಿನಲ್ಲಿ ಕರೆತಂದು ಅವನ ಮನೆಗೇ ಬಿಟ್ಟದ್ದು, ಅವನು ಸ್ನಾನಕ್ಕೆ ಹೋದಾಗ ಒಂದೇ ಚೀಲ ಹಿಡಿದು ಹೊರಟದ್ದು. ಹನ್ನೊಂದು ವರ್ಷವಾಯಿತು. ಬಸ್ಸಿನಲ್ಲಿ ನಾಲ್ಕು ಗಂಟೆ ದೂರದ ಊರಲ್ಲಿದ್ದಾಳೆ. ಆ ಮನುಷ್ಯ (ಭಾವ ಎನ್ನಲು ನಾಲಿಗೆ ಏಳುವುದಿಲ್ಲ) ಮೊದಲೆರಡು ವರ್ಷ ಇಲ್ಲಿಗೆ, ನನ್ನ ಸ್ಟುಡಿಯೋಗೆ, ಬರುತ್ತಿದ್ದ. ಸುಮ್ಮನೆ ಕೂರುತ್ತಿದ್ದ. "ಎಲ್ಲಿ ಅವಳು?" "ಗೊತ್ತಿಲ್ಲ." ಇಷ್ಟೇ ಮಾತು. ಆಮೇಲೆ ಬರುವುದನ್ನು ನಿಲ್ಲಿಸಿದ.

ಫೆಬ್ರವರಿ 9, ಭಾನುವಾರ

ಅಕ್ಕನನ್ನೇ ಕೇಳಿಬಿಡೋಣವೆಂದು ಹೋಗಿದ್ದೆ. ಲಾಂಡ್ರಿಯ ಹಬೆಗೆ ಕನ್ನಡಕ ಮಂಜಾಯಿತು. ಅವಳು ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ನಿಂಗೆ ಒಳ್ಳೇದಾಗೋ ಹಾಗಿದ್ರೆ ಮಾಡು. ನನ್ನ ಮುಖ ಮಾತ್ರ ಎಲ್ಲೂ ಬರಬಾರ್ದು ಕಣೋ."

"ಹದಿಮೂರು ನಿಮಿಷದಲ್ಲಿ ನಿನ್ನ ಕಿವಿ ಕೂಡ ಕಾಣಲ್ಲ ಅಕ್ಕ."

"ಓಲೆ ಕೊಡಿಸಿದ್ರೆ ತೋರಿಸ್ತಿದ್ದೆ, ಜಿಪುಣ."

ಅವಳು ನಕ್ಕರೆ ಈಗಲೂ ಮೇಲಿನ ಒಸಡು ಕಾಣುತ್ತದೆ. ಈ ನಗು ಮತ್ತೆ ಬರಲು ಎಷ್ಟು ವರ್ಷ ಹಿಡಿಯಿತು... ಬಸ್ಸಿನಲ್ಲಿ ಬರುವಾಗ ಖುಷಿಯಾಗಿದ್ದೆ.

ಫೆಬ್ರವರಿ 12, ಬುಧವಾರ

ಮೇಡಂಗೆ ಒಪ್ಪಿಗೆ ಕೊಟ್ಟೆ. ಹೆಂಡತಿಗೆ ಮಾತು ಕೊಟ್ಟಿದ್ದೇನೆ — ಅಕ್ಕನ ಬಗ್ಗೆ ತುಟಿ ಬಿಚ್ಚುವುದಿಲ್ಲ. ಫಿಲ್ಮು ನೋಡಿ ಮೇಡಂ ಕೇಳಿದರು: "ಯಾರು ಸರ್ ಈ ಲೇಡಿ? ಏನ್ ವಾಯ್ಸ್!" ಗೊತ್ತಿದ್ದವರೊಬ್ಬರು ಎಂದೆ.

ಫೆಬ್ರವರಿ 20, ಗುರುವಾರ

ಮೇಡಂದು ಇವತ್ತು ಐದನೇ ಫೋನು. ಪೋಸ್ಟರ್ ಬೇಕು, ನನ್ನ ಫೋಟೋ ಬೇಕು, ಶೂಟಿಂಗ್ ನಡೆಯುವಾಗ ತೆಗೆದ ಫೋಟೋ ಬೇಕು. ಆ ಕಾಲಂ ನಾನು ಯಾವಾಗಲೂ ಬಿಟ್ಟುಬಿಡುತ್ತಿದ್ದೆ.

"ಅದೇ ಸರ್ ಮುಖ್ಯ. ಟೀಂ ಇದೆ ಅಂತ ಗೊತ್ತಾಗ್ಬೇಕು."

ಟೀಂ! ಕ್ಯಾಮೆರಾಗೆ ನಾನು. ಬೆಳಕಿಗೆ ಥರ್ಮಾಕೋಲ್ ಹಿಡಿಯಲು, ತನ್ನ ಶಾಟ್ ಇಲ್ಲದಾಗ, ಅಕ್ಕ.

"ಇರೋದನ್ನೆಲ್ಲಾ ಒಂದು ಫೋಲ್ಡರ್ ಮಾಡಿ ಕಳ್ಸಿ ಸರ್. ನಾನು ಆರಿಸ್ಕೋತೀನಿ."

ಹೊರಗೆ ಮದುವೆಯವರ ಕಾರು ಒಂದೇ ಸಮನೆ ಹಾರನ್ ಹೊಡೆಯುತ್ತಿತ್ತು. ಒಂದು ಕೈಯಲ್ಲಿ ಟ್ರೈಪಾಡ್. ಫೋಲ್ಡರನ್ನು ತೆರೆದೂ ನೋಡದೆ ಕಳಿಸಿದೆ. ಪೀಡೆ ತೊಲಗಿತು.

ಏಪ್ರಿಲ್ 16, ಬುಧವಾರ. ಸಂಜೆ

ಎರಡು ತಿಂಗಳಾಯಿತು ಈ ಡೈರಿ ಮುಟ್ಟಿ.

ಆಯ್ಕೆಯಾಯಿತು. ನಾಲ್ಕು ಸಾವಿರದಲ್ಲಿ ಮೂವತ್ತು ಫಿಲ್ಮು, ಅದರಲ್ಲಿ ನನ್ನದೊಂದು. ಬೆಳಗ್ಗೆ ಹತ್ತಕ್ಕೆ ಫೆಸ್ಟಿವಲ್‌ನವರು ತಮ್ಮ ಪೇಜಿನಲ್ಲಿ ಹಾಕಿದರು. ಸಂಘದ ಗ್ರೂಪಿನವರು ಎತ್ತಿ ಹಂಚಿದರು. ಅವರಿಂದ ಇನ್ನೊಂದು ಗ್ರೂಪು, ಮತ್ತೊಂದು...

ಹಾಕಿದ ಫೋಟೋದಲ್ಲಿ ಅಕ್ಕ ಇದ್ದಾಳೆ.

ಥರ್ಮಾಕೋಲ್ ಎದೆಗವಚಿಕೊಂಡು ಒಸಡು ಕಾಣುವಂತೆ ನಗುತ್ತಿದ್ದಾಳೆ. ಪಕ್ಕದಲ್ಲಿ ನಾನು, ಅವಳ ಹೆಗಲ ಮೇಲೆ ಕೈ. ಹಿಂದೆ ಬಟ್ಟೆ ತಳ್ಳುವ ಗಾಡಿ. ಗಾಡಿಯ ಮೇಲೆ ದಪ್ಪಕ್ಷರದಲ್ಲಿ ಆಸ್ಪತ್ರೆಯ ಹೆಸರು.

ಒಂದು ಮಾತು ಇಲ್ಲಿ ಬರೆದಿಡಬೇಕು, ಬೇರೆ ಯಾರಿಗೂ ಹೇಳಲಾರೆ. ಇದನ್ನು ಹತ್ತು ಗಂಟೆಗೇ ನೋಡಿದೆ. ತೆಗೆಸಬೇಕು ಎಂದುಕೊಂಡೆ. ಅಷ್ಟರಲ್ಲಿ ಒಬ್ಬರ ಶುಭಾಶಯ, ಇನ್ನೊಬ್ಬರದು. 'ಏ ವಿಡಿಯೋ' ಎಂದವರ ಮನೆಯಿಂದಲೂ ಬಂತು. ಓದುತ್ತಾ ಕೂತೆ. ಇನ್ನರ್ಧ ಗಂಟೆ, ಇನ್ನರ್ಧ ಗಂಟೆ... ಮೇಡಂಗೆ ಫೋನ್ ಮಾಡಿದಾಗ ಆರು ಗಂಟೆ. ಎಂಟು ಗಂಟೆ ಕಾಲ ಅಕ್ಕನ ಮುಖವನ್ನು ಊರಿಗೆಲ್ಲ ಹಂಚಲು ಬಿಟ್ಟು, ಹೊಗಳಿಕೆ ಎಣಿಸುತ್ತಾ ಕೂತಿದ್ದೆ. ಥೂ ನನ್ನ ಜನ್ಮಕ್ಕೆ.

ಏಪ್ರಿಲ್ 17, ಗುರುವಾರ

ಪೇಜಿನಿಂದ ತೆಗೆದರು. ಹಂಚಿದವರ ಫೋನುಗಳಿಂದ ತೆಗೆಯುವವರು ಯಾರು?

ಮೇಡಂ ಮೇಲೆ ಹರಿಹಾಯ್ದೆ. ಅವರು ಗಾಬರಿಯಾದರು. "ಸರ್, ಅವರ ಮುಖ ಬರಬಾರ್ದು ಅಂತ ನೀವು ಹೇಳೇ ಇಲ್ವಲ್ಲ! ಫಿಲ್ಮ್‌ನಲ್ಲಿ ಕೈ ಮಾತ್ರ ತೋರ್ಸಿದ್ದು ಸ್ಟೈಲ್ ಅನ್ಕೊಂಡೆ."

ಹೇಳಿರಲಿಲ್ಲ, ನಿಜ. ಮೂರನೆಯವರಿಗೆ ಗುಟ್ಟು ಬಿಡಬಾರದೆಂದು ಬಾಯಿ ಹೊಲಿದುಕೊಂಡಿದ್ದೆ. ಎಷ್ಟು ಚೆನ್ನಾಗಿ ಹೊಲಿದುಕೊಂಡಿದ್ದೆನೆಂದರೆ, ಏನನ್ನು ಮುಚ್ಚಬೇಕು ಎಂಬುದನ್ನೂ ಹೇಳಲಿಲ್ಲ.

ಮಧ್ಯಾಹ್ನ ಸ್ಟುಡಿಯೋದ ಲ್ಯಾಂಡ್‌ಲೈನ್ ಎರಡು ಸಲ ಹೊಡೆದುಕೊಂಡಿತು. ಎತ್ತಿದರೆ ಮಾತಿಲ್ಲ. ಉಸಿರು.

ಏಪ್ರಿಲ್ 19, ಶನಿವಾರ

ಮೊದಲ ಬಸ್ಸಿಗೇ ಹೋದೆ. ಫೋನಿನಲ್ಲಿ ಹೇಳುವ ಮುಖ ನನಗಿರಲಿಲ್ಲ.

ಅಕ್ಕ ಫೋಟೋವನ್ನು ತುಂಬಾ ಹೊತ್ತು ನೋಡಿದಳು. ಬೆರಳಲ್ಲಿ ದೊಡ್ಡದು ಮಾಡಿ ನೋಡಿದಳು.

"ಚೆನ್ನಾಗಿ ಬಂದಿದೀನಿ ಅಲ್ವಾ?"

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಕೋಣೆಗೆ ಹೋಗಿ ಅರ್ಧ ಗಂಟೆಯಲ್ಲಿ ಚೀಲ ತುಂಬಿದಳು. ಯಾವುದು ಮೇಲೆ, ಯಾವುದು ಕೆಳಗೆ ಎಂದು ಯೋಚಿಸಲೂ ಇಲ್ಲ. ಕೈಗೆ ಅಭ್ಯಾಸವಿದ್ದ ಹಾಗಿತ್ತು.

"ಎಲ್ಲಿಗೆ ಹೋಗ್ತೀಯ?"

"ನಿಂಗೂ ಹೇಳಲ್ಲ."

"ಅಕ್ಕ, ನಾನು..."

"ಸಿಟ್ಟಿಲ್ಲ ಕಣೋ. ನಿನ್ ಹೊಟ್ಟೇಲಿ ಏನಿದ್ರೂ ಮುಖದಲ್ಲಿ ಬಂದುಬಿಡುತ್ತೆ, ಚಿಕ್ಕೋನಿಂದ. ಅವನು ಎದುರಿಗೆ ಕೂತ್ರೆ ಓದ್ಕೊಂಡುಬಿಡ್ತಾನೆ."

ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಶೌಚಾಲಯದ ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದಳು. ಯಾವ ಬಸ್ಸು ಎಂದು ನೋಡಬಾರದು, ಇನ್ನೂರರವರೆಗೆ ಎಣಿಸಬೇಕು. ಕಣ್ಣಾಮುಚ್ಚಾಲೆ ಆಡುವಾಗ ನಿಲ್ಲುತ್ತಿದ್ದೆನಲ್ಲ, ಹಾಗೆ ನಿಂತೆ. ಐವತ್ತು ವರ್ಷದ ಗಂಡಸು. ನೂರಿಪ್ಪತ್ತಕ್ಕೆ ಅಳು ತಡೆಯಲಾಗದೆ ಲೆಕ್ಕ ತಪ್ಪಿತು. ತಿರುಗಿದಾಗ ಅವಳಿರಲಿಲ್ಲ.

ಕೊನೆಗೆ ಅಂದದ್ದು: "ಸೇರಿದ್ಮೇಲೆ ನಾನೇ ಫೋನ್ ಮಾಡ್ತೀನಿ. ಹಳೇ ನಂಬರ್ ಅಳಿಸ್ಬಿಡು."

ಏಪ್ರಿಲ್ 22, ಮಂಗಳವಾರ. ಬೆಳಗ್ಗೆ 11.20

ಫೋನ್ ಬಂದಿಲ್ಲ. ಮೂರು ದಿನ.

11.45

ಬಂದಿದ್ದಾನೆ.

ಕೂದಲು ನರೆತಿದೆ. ಗುರುತು ಸಿಕ್ಕದವನಂತೆ "ಪಾಸ್‌ಪೋರ್ಟ್ ಫೋಟೋ" ಎಂದ. ಸ್ಟೂಲಿನ ಮೇಲೆ ಕೂರಿಸಿ ತೆಗೆದೆ. ಗದ್ದ ಸ್ವಲ್ಪ ಮೇಲೆ ಎಂದರೆ ಎತ್ತಿದ. ಕಣ್ಣು ಮಿಟುಕಿಸಲಿಲ್ಲ.

ಈಗ ಕೌಂಟರಿನ ಆಚೆ ಕುರ್ಚಿಯಲ್ಲಿದ್ದಾನೆ. ಪ್ರಿಂಟ್ ಆಗುತ್ತಿದೆ. ನಾನು ಬಿಲ್ ಬರೆಯುತ್ತಿದ್ದೇನೆಂದು ಅವನು ತಿಳಿದಿದ್ದಾನೆ. ತಲೆ ಎತ್ತಿದರೆ ಮುಖ ಓದಿಬಿಡುತ್ತಾನೆ, ಅದಕ್ಕೆ ಬರೆಯುತ್ತಿದ್ದೇನೆ.

"ಆಸ್ಪತ್ರೆಗೆ ಹೋಗಿದ್ದೆ. ಕೆಲಸ ಬಿಟ್ಲಂತೆ."

ನಾನು ಪ್ರಿಂಟರಿನ ಕಡೆ ನೋಡಿದೆ.

"ಚೆನ್ನಾಗಿ ನಗ್ತಾಳೆ ಈಗ. ಎಲ್ಲಿ?"

"ಗೊತ್ತಿಲ್ಲ."

ಆಗೆಲ್ಲ ಸುಳ್ಳು ಹೇಳುವಾಗ ಧ್ವನಿ ಗಟ್ಟಿಯಿತ್ತು. ಇವತ್ತು ನಿಜ, ಇವತ್ತೇ ಒಡೆಯಿತು. ಅವನು ನಕ್ಕ. ನಂಬಲಿಲ್ಲ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ.

ಮೊಬೈಲು ಕೌಂಟರಿನ ಆ ತುದಿಯಲ್ಲಿ, ಚಾರ್ಜಿನಲ್ಲಿ. ಅವನ ಮೊಣಕೈ ಪಕ್ಕ.

ರಿಂಗಾಗುತ್ತಿದೆ. ಹೊಸ ನಂಬರು.

"ಎತ್ತು," ಎಂದ. "ಸ್ಪೀಕರ್ ಹಾಕು."

"ಯಾರೋ ಗಿರಾಕಿ. ಬಿಲ್ ಮುಗಿಸ್ಬಿಡ್ತೀನಿ."

ನಿಂತಿತು. ದೇವರೇ, ಸಾಕು ಅಕ್ಕ, ಮತ್ತೆ ಮಾಡಬೇಡ, ಇನ್ನೊಂದು ಗಂಟೆ ಮಾಡಬೇಡ —

ಮತ್ತೆ. ಅದೇ ನಂಬರು. ಅವನು ಕೈ ಚಾಚಿ ಮೊಬೈಲು ಎತ್ತಿ —