ಇರುವೆ ಹತ್ತಿದ ಕೇಕು

ಅಣ್ಣಾ,

ಮೇಲೆ ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಆ ಗೀಟು ನಿನಗೆ ಕಾಣಲಿ ಎಂದೇ ಹಾಳೆ ಬದಲಿಸಲಿಲ್ಲ. ಫೋನು ಮಾಡಿದರೆ ನೀನು ನಗಿಸಿ ನಗಿಸಿ ಮಾತು ಮರೆಸುತ್ತೀಯ. ಅತ್ತಿಗೆಯ ತವರಿನಲ್ಲಿ ಆರಾಮಾಗಿ ಕೂತಿದ್ದೀಯಲ್ಲ, ಅಲ್ಲೇ ಬಾಯಿ ಮುಚ್ಚಿಕೊಂಡು ಓದು.

ನಿನ್ನೆ ಬೆಳಿಗ್ಗೆ ನೋಡಿದರೆ, ಮಾರಾಟವಾಗದೆ ರಾತ್ರಿ ಉಳಿದಿದ್ದ ನಮ್ಮ ಬೇಕರಿಯ ಸಕ್ಕರೆ ಇಲ್ಲದ ಕೇಕಿನ ಟ್ರೇಗೆ ಇರುವೆ ಹತ್ತಿತ್ತು. ಪಕ್ಕದ ಟ್ರೇಗಳಿಗೆ ಮುತ್ತುವ ಇರುವೆಗಳು ಇದನ್ನು ಮೂಸಿಯೂ ನೋಡುತ್ತಿರಲಿಲ್ಲ. ‘ಇರುವೆಗೂ ಬೇಡವಾದ ಕೇಕು ಕಣೇ ನಿನ್ದು’ ಎಂದು ರೇಗಿಸುತ್ತಿದ್ದವನು ನೀನೇ. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ಸಕ್ಕರೆಯ ಬದಲಿಗೆ ನಾನು ಹಾಕುವ ಪುಡಿ ನಾಲಿಗೆಯ ತುದಿಯಲ್ಲಿ ಸ್ವಲ್ಪ ತಣ್ಣಗೆ ಅನ್ನಿಸುತ್ತದೆ. ಇದು ಅಂಟಂಟಾಗಿ, ಗಂಟಲಿನವರೆಗೂ ಸಿಹಿ ಇಳಿಯಿತು.

ಓವನ್ ನೋಡಿಕೊಳ್ಳುವ ದಪ್ಪಣ್ಣನನ್ನು ಕೇಳಿದೆ. ಪಾಪ, ಅವನು ಮುಚ್ಚಿಡಲಿಲ್ಲ. ‘ಊರಿಗೆ ಹೋಗೋಕೂ ಎಷ್ಟೋ ದಿನ ಮುಂಚೆನೇ ಅಣ್ಣಾವ್ರೇ ಹೇಳಿದ್ರು ಅಕ್ಕ, ಕಡ್ಡೀಲಿ ಚುಚ್ಚಿ ಸಕ್ಕರೆ ಪಾಕ ಕುಡಿಸು, ಮೇಲೂ ಸವರಿ ಇನ್ನೊಂದ್ ಸಲ ಒಳಗಿಡು ಅಂತ. ಇಲ್ದಿದ್ರೆ ಕೇಕು ಬಿಳಚಿಕೊಂಡು ಕಾಯಿಲೆಯವರ ಥರ ಕಾಣುತ್ತಂತೆ.’

ಕಾಯಿಲೆಯವರಿಗಾಗಿಯೇ, ಅಪ್ಪನಂಥ ಸಕ್ಕರೆ ಕಾಯಿಲೆಯವರಿಗಾಗಿಯೇ ಮಾಡಿದ ಕೇಕು ಅಣ್ಣಾ ಅದು! ಸಕ್ಕರೆ ಇಲ್ಲದಿದ್ದರೆ ಬಣ್ಣ ಬರುವುದಿಲ್ಲ, ಮೈ ಒರಟಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಎಷ್ಟು ಕೇಕುಗಳು ಇಟ್ಟಿಗೆಯಾದವು, ಎಷ್ಟು ಕುಸಿದು ಕೂತವು! ಆದರೂ ಬಿಡಲಿಲ್ಲ. ತಾನೇ ಕಟ್ಟಿದ ಬೇಕರಿಯಲ್ಲಿ ಅಪ್ಪ ವಾಸನೆ ಮಾತ್ರ ಕುಡಿದುಕೊಂಡು ಕೂರುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ಮೊದಲ ಸಲ ಸರಿಯಾಗಿ ಬಂದ ದಿನ ಅವರು ತುಂಡನ್ನು ಬೆಳಕಿಗೆ ಹಿಡಿದು, ‘ಬಣ್ಣ ಇಲ್ಲ, ಆದ್ರೆ ಮೋಸ ಇಲ್ಲ’ ಎಂದಿದ್ದರು. ಅದರೊಳಗೆ ನೀನು ಮೋಸ ತುಂಬಿದೆ.

ಅಪ್ಪನ ಶುಗರ್ ಏರಿತು. ಡಾಕ್ಟರು ಮಾತ್ರೆ ಹೆಚ್ಚಿಸಿ, ‘ಕದ್ದು ತಿಂತಿದೀರಾ ಯಜಮಾನ್ರೇ?’ ಎಂದರು. ‘ನನ್ನ ಮಗಳು ಮಾಡಿದ ಕೇಕು ಬಿಟ್ಟು ಏನೂ ಮುಟ್ಟಿಲ್ಲ ಸಾರ್’ ಎಂದು ಅಪ್ಪ ಹೇಳಿದಾಗ ನೀನು ನಕ್ಕೆ. ‘ಬೇಕರಿಯವರ ಬಾಯಿ ಸುಮ್ನಿರುತ್ತಾ?’ ಎಂದೆ. ಅಷ್ಟಕ್ಕೇ ನಿಲ್ಲಿಸಿದೆಯಾ? ಅಂಗಡಿಯಲ್ಲಿ ಗಿರಾಕಿಗಳ ಎದುರಿಗೇ ಅವರ ಅಂಗಿಯ ಜೇಬಿಗೆ ಕೈಹಾಕಿ ಹುಡುಕಿದೆ. ಸಿಕ್ಕಿದ್ದು ಕನ್ನಡಕ ಒರೆಸುವ ಬಟ್ಟೆ.

ಗೊತ್ತಿರಲಿಲ್ಲ ಎಂದು ಮಾತ್ರ ಹೇಳಬೇಡ. ಅಪ್ಪನ ತಟ್ಟೆಗೆ ಬೀಳುತ್ತಿದ್ದ ತುಂಡು ಆ ಟ್ರೇಯದೇ, ಕೊಯ್ದು ಕೊಡುತ್ತಿದ್ದ ಕೈ ನಿನ್ನದೇ. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದ ಗಾದೆ ಕೇಳಿದ್ದೆ, ಆ ಕೋತಿ ಮೇಕೆಯ ಜೇಬನ್ನಂತೂ ಹುಡುಕಲಿಲ್ಲ.

ಟ್ರೇ ಪೂರ್ತಿ ಕಸಕ್ಕೆ ಸುರಿದಿದ್ದೇನೆ. ‘ನಮ್ಮ ಸಕ್ಕರೆ ಇಲ್ಲದ ಕೇಕಿನಲ್ಲಿ ಸಕ್ಕರೆ ಇತ್ತು, ತಪ್ಪಾಯಿತು’ ಎಂದು ಬಾಗಿಲಿಗೆ ಬೋರ್ಡು ಬರೆಸುತ್ತೇನೆ. ನೀನು ಬಂದ ದಿನವೇ ಅದನ್ನು ತೂಗುಹಾಕುವುದು. ಅದಕ್ಕಿಂತ ಮೊದಲು ಅಪ್ಪನಿಗೆ ಹೇಳಬೇಕು. ನಾನು ಹೇಳಿಲ್ಲ, ಹೇಳುವುದೂ ಇಲ್ಲ. ನಿನ್ನ ಬಾಯಿಂದಲೇ ಬರಬೇಕು.

ನೀನು ನೋಡದ ಒಂದು ವಿಷಯವಿದೆ. ನೀನು ಊರಿಗೆ ಹೋದಾಗಿನಿಂದ ಅಪ್ಪ ಸಂಜೆ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವ ಮೊದಲು ತಮ್ಮ ಜೇಬನ್ನು ತಾವೇ ಹೊರಗೆಳೆದು ತೋರಿಸುತ್ತಾರೆ. ಯಾರೂ ಕೇಳುವುದಿಲ್ಲ. ನಿನ್ನೆ ನನಗೂ ತೋರಿಸಿ, ‘ನೋಡ್ಕೋ ಮಗಳೇ’ ಎಂದರು.

ಅಣ್ಣನನ್ನು ಹರಸುವ ವಯಸ್ಸು ನನ್ನದಲ್ಲ. ಆದರೂ ಹರಸುತ್ತೇನೆ: ಅಪ್ಪನ ಎದುರು ನಿಂತಾಗ ನಿನಗೆ ನಗು ಬಾರದಿರಲಿ, ಮಾತು ಬರಲಿ. ಸಂಜೆಯ ಹೊತ್ತಿಗೇ ಬಾ, ಅವರು ಜೇಬಿಗೆ ಕೈಹಾಕುವ ಮೊದಲೇ ಆ ಕೈ ಹಿಡಿದುಕೋ.

ಇನ್ನೂ ನಿನ್ನ ತಂಗಿಯೇ ಆಗಿರುವ,
ನಾನು